ದೀರ್ಘಕಾಲದ ಶುಶ್ರೂಷೆಯೂ ಸರ್ಕಾರದ ತಪಾಸಣೆಯೂ



ಕಾಯಿಲೆ ಬಿದ್ದವನು ಆಸ್ಪತ್ರೆಗೆ ಹೋಗುತ್ತಾನೆ; ಗುಣವಾದರೆ ಮನೆಗೆ ಹಿಂದಿರುಗುತ್ತಾನೆ. ಅಲ್ಲಿ ನಡೆದ ಉಪಚಾರವು ಸರಿಯಾಗಿರದಿದ್ದರೆ ಅದನ್ನು ನಾಲ್ಕು ಜನರ ಮುಂದೆ ಹೇಳುತ್ತಾನೆ. ಮತ್ತೊಂದು ಸಲ ಬೇರೆ ಆಸ್ಪತ್ರೆಯನ್ನು ಹುಡುಕಿಕೊಳ್ಳುತ್ತಾನೆ. ಆದರೆ ಇನ್ನೊಂದು ಬಗೆಯ ಶುಶ್ರೂಷೆ ಉಂಟು. ಮುಪ್ಪಿನಿಂದ ಕೈಕಾಲು ಸೋತವರು, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರು, ಮರೆವಿನ ರೋಗದಿಂದ ಹೆತ್ತ ಮಕ್ಕಳ ಗುರುತನ್ನೂ ಕಳೆದುಕೊಂಡವರು, ಇಂಥವರಿಗೆ ಸ್ನಾನ, ಊಟ, ಉಡಿಗೆ, ಶೌಚ ಇವುಗಳಿಗೆಲ್ಲ ದಿನದಿನವೂ ಇನ್ನೊಬ್ಬರ ಕೈ ಬೇಕು. ಇದು ಎಂಟು ಹತ್ತು ದಿನಗಳ ಮಾತಲ್ಲ. ವರ್ಷಗಟ್ಟಲೆ ನಡೆಯಬೇಕಾದ ಆರೈಕೆ. ಮನೆಯಲ್ಲಿ ಇದನ್ನು ಮಾಡುವವರು ಇಲ್ಲದಾಗ ಆಶ್ರಮವೋ ಶುಶ್ರೂಷಾಗೃಹವೋ ಮಾಡಬೇಕಾಗುತ್ತದೆ. ಅಲ್ಲಿ ಆರೈಕೆಯು ಕೆಟ್ಟದ್ದಾದರೆ ಹೇಳಿಕೊಳ್ಳುವವರು ಯಾರು? ಯಾರ ಕೈಯಿಂದ ತುತ್ತು ಬಾಯಿಗೆ ಬರಬೇಕೋ ಅವರ ಮೇಲೆಯೇ ದೂರು ಹೇಳುವ ಧೈರ್ಯ ಎಷ್ಟು ಜನಕ್ಕೆ ಬಂದೀತು? ಮಾತೇ ಹೊರಡದವರ ಪಾಡಂತೂ ಹೇಳತೀರದು. ಆದುದರಿಂದಲೇ ಈ ವಿಷಯದಲ್ಲಿ ಕೊಳ್ಳುವವನ ಎಚ್ಚರಿಕೆಯನ್ನು ನೆಚ್ಚುವಂತಿಲ್ಲ. ಸರ್ಕಾರವು ಕಣ್ಣಿಟ್ಟು ನೋಡಬೇಕು.

ಆದರೆ ಸರ್ಕಾರವು ನೋಡಬೇಕಾದುದು ಏನನ್ನು? ಈ ಪ್ರಶ್ನೆಯನ್ನೇ ಈ ಹೊತ್ತು ತಮ್ಮ ಮುಂದೆ ವಿಚಾರಕ್ಕೆ ಇಡುತ್ತೇನೆ. ಇದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅನುಭವವನ್ನು ಆಧಾರವಾಗಿ ತೆಗೆದುಕೊಂಡಿದ್ದೇನೆ. ಆ ದೇಶದವರು ಈ ಕಾರ್ಯವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದಾರೆಂಬುದು ಇದಕ್ಕೆ ಕಾರಣವಲ್ಲ. ಹಲವು ಸಲ ಎಡವಿ, ಎಡವಿದುದನ್ನು ಬಹಿರಂಗವಾಗಿ ಬರೆದಿಟ್ಟಿದ್ದಾರೆ ಎಂಬುದೇ ಕಾರಣ. ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವೆನು. ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಖಾಸಗಿಯಾದ ಸಣ್ಣ ಆಸ್ಪತ್ರೆ. ಅಲ್ಲಿ ಹಾಗಲ್ಲ, ಅಶಕ್ತರು ಬಹುಕಾಲ, ಅನೇಕರು ಕೊನೆಯ ಉಸಿರಿನವರೆಗೂ, ವಾಸಮಾಡುವ ಮನೆಗೆ ಆ ಹೆಸರು. ಅದನ್ನೇ ನಾನು ಶುಶ್ರೂಷಾಗೃಹವೆಂದು ಕರೆಯುತ್ತೇನೆ.

1935ನೆಯ ಇಸವಿಯಲ್ಲಿ ಆ ದೇಶದ ಸಾಮಾಜಿಕ ಭದ್ರತೆಯ ಶಾಸನವು ಬಡ ವೃದ್ಧರಿಗೆ ಮಾಸಾಶನದ ನೆರವನ್ನು ಏರ್ಪಡಿಸಿತು. ಆಗ ನಿರ್ಗತಿಕರನ್ನು ಇಡುತ್ತಿದ್ದ ಸರ್ಕಾರಿ ದೀನಾಶ್ರಮಗಳ ಹೆಸರು ಬಹಳ ಕೆಟ್ಟಿದ್ದಿತು. ಆದಕಾರಣ ಅಂಥ ಸಾರ್ವಜನಿಕ ಆಶ್ರಮಗಳಲ್ಲಿ ಇರುವವರಿಗೆ ಈ ಹಣವನ್ನು ಕೊಡಕೂಡದೆಂದು ವಿಧಿಸಿದರು. ಉದ್ದೇಶವೇನೋ ಒಳ್ಳೆಯದು. ಆದರೆ ಮುದುಕರ ಅಶಕ್ತತೆ ಶಾಸನದಿಂದ ಮಾಯವಾಗುವುದೇ? ಕೈಯಲ್ಲಿ ಅಲ್ಪಸ್ವಲ್ಪ ಹಣವುಳ್ಳ ವೃದ್ಧರನ್ನು ಇಟ್ಟುಕೊಳ್ಳಲು ಖಾಸಗಿ ಮನೆಗಳು ಊರೂರಲ್ಲಿ ಹುಟ್ಟಿಕೊಂಡವು. ಹಣವು ಮೊದಲು ಬಂದಿತು. ಕಟ್ಟಳೆಯು ಆಮೇಲೆ ಬಂದಿತು. 1950ರ ತಿದ್ದುಪಡಿಯಲ್ಲಿ, ಈ ಗೃಹಗಳಿಗೆ ಲೈಸೆನ್ಸು ಕೊಟ್ಟು ಮೇಲ್ವಿಚಾರಣೆ ನಡೆಸುವ ಒಂದು ಅಧಿಕಾರಸ್ಥಾನವನ್ನು ಪ್ರತಿಯೊಂದು ರಾಜ್ಯವೂ ಏರ್ಪಡಿಸತಕ್ಕದ್ದೆಂದು ಗೊತ್ತುಮಾಡಿದರು. 1965ರಲ್ಲಿ ಮೆಡಿಕೇರ್ ಮತ್ತು ಮೆಡಿಕೇಡ್ ಎಂಬ ಎರಡು ಯೋಜನೆಗಳು ಶಾಸನಬದ್ಧವಾದ ಮೇಲೆ ಬಡವರ ದೀರ್ಘ ಶುಶ್ರೂಷೆಯ ವೆಚ್ಚದ ಬಹುಭಾಗವು ಸರ್ಕಾರದ ಬೊಕ್ಕಸಕ್ಕೇ ಬಂದಿತು. ಹಣ ಕೊಡುವವನಿಗೆ ಸರಕನ್ನು ನೋಡಿ ತೆಗೆದುಕೊಳ್ಳುವ ಹಕ್ಕೂ ಉಂಟು, ಹೊಣೆಯೂ ಉಂಟು. ಆದರೂ ಒಳಗಿನ ಸ್ಥಿತಿ ಬಹುಕಾಲ ಸುಧಾರಿಸಲಿಲ್ಲ. ಸೆನೆಟರ್ ಫ್ರಾಂಕ್ ಮಾಸ್ ಎಂಬವರ ಅಧ್ಯಕ್ಷತೆಯ ಉಪಸಮಿತಿಯು ವರ್ಷಗಟ್ಟಲೆ ಸಾಕ್ಷ್ಯವನ್ನು ತೆಗೆದುಕೊಂಡು, 1974ರಿಂದ ಪ್ರಕಟಿಸಿದ ವರದಿಗಳಲ್ಲಿ, ಇದು ಸರ್ಕಾರದ ನೀತಿಯ ಸೋಲೆಂದೇ ಹೇಳಿತು.

ಲೈಸೆನ್ಸೂ ಇದ್ದು, ಇನ್‌ಸ್ಪೆಕ್ಟರುಗಳೂ ಇದ್ದು, ಹೀಗಾಗಲು ಕಾರಣವೇನು? ಇದಕ್ಕೆ ಉತ್ತರವು ಕಾಲರಾಡೋ ರಾಜ್ಯದ ಒಂದು ವ್ಯಾಜ್ಯದಲ್ಲಿ ದೊರೆಯಿತು. 1975ರಲ್ಲಿ ಅಲ್ಲಿನ ಶುಶ್ರೂಷಾಗೃಹದ ನಿವಾಸಿಗಳ ಪರವಾಗಿ ಈ ದಾವೆ ಹೂಡಲ್ಪಟ್ಟಿತು. ಗೃಹದ ಮಾಲೀಕನ ಮೇಲೆ ಮಾತ್ರವಲ್ಲ, ಹಣವನ್ನು ಕೊಟ್ಟು ತಪಾಸಣೆಯನ್ನೂ ನಡೆಸುತ್ತಿದ್ದ ಸರ್ಕಾರದ ಮೇಲೂ ಅವರು ತಪ್ಪು ಹೊರಿಸಿದ್ದರು. ತಪಾಸಣೆಗೆಂದು ಹೋಗುವವರ ಕೈಯಲ್ಲಿ ಒಂದು ನಮೂನೆ ಇರುತ್ತಿದ್ದಿತು. ಅದರಲ್ಲಿದ್ದ ಪ್ರಶ್ನೆಗಳು 541. ಈ 541ರಲ್ಲಿ ರೋಗಿಯ ಆರೈಕೆಗೆ ಅಲ್ಪವಾಗಿಯಾದರೂ ಸಂಬಂಧಪಟ್ಟವು, ಅಥವಾ ರೋಗಿಯನ್ನು ಕಣ್ಣಾರೆ ನೋಡಬೇಕಾದ ಅಗತ್ಯವುಳ್ಳವು, ಕೇವಲ 30 ಎಂದು ಜಿಲ್ಲಾ ನ್ಯಾಯಾಧೀಶರು ಲೆಕ್ಕ ಹಾಕಿ ತೋರಿಸಿದರು. ಮಿಕ್ಕವೆಲ್ಲ ಕಟ್ಟಡ, ಸಲಕರಣೆ, ದಪ್ತರ, ಲಿಖಿತ ನಿಯಮ ಮುಂತಾದವುಗಳ ಮಾತು. ಈ ಗೃಹಕ್ಕೆ ಒಳ್ಳೆಯ ಶುಶ್ರೂಷೆ ಮಾಡುವ ಅನುಕೂಲ ಉಂಟೇ ಎಂಬುದನ್ನು ನಮೂನೆಯು ಕೇಳುತ್ತಿದ್ದಿತು. ಒಳ್ಳೆಯ ಶುಶ್ರೂಷೆ ನಿಜವಾಗಿ ನಡೆಯುತ್ತಿದೆಯೇ ಎಂಬುದನ್ನು ಕೇಳುತ್ತಿರಲಿಲ್ಲ. 1984ರಲ್ಲಿ ಮೇಲಿನ ನ್ಯಾಯಾಲಯವು ಇತ್ತ ತೀರ್ಪಿನ ಸಾರಾಂಶವಿದು: ಗೃಹಗಳು ಉತ್ತಮವಾದ ಆರೈಕೆಯನ್ನು ವಾಸ್ತವವಾಗಿ ಕೊಡುತ್ತಿವೆಯೇ ಎಂದು ತಿಳಿದುಕೊಳ್ಳುವುದು ಸರ್ಕಾರದ ಕರ್ತವ್ಯ; ಕೊಡಬಲ್ಲವೆಂದು ಕಾಗದದ ಮೇಲೆ ಕಂಡರೆ ಸಾಲದು.

ಮದುವೆಯ ಅಡಿಗೆ ಚೆನ್ನಾಗಿತ್ತೇ ಎಂದು ತಿಳಿಯಬೇಕಾದರೆ ನಾವು ಏನು ಮಾಡುತ್ತೇವೆ? ಕೊಪ್ಪರಿಗೆಗಳನ್ನೂ ಸೌಟುಗಳನ್ನೂ ಎಣಿಸಿ ಬಂದರೆ ತಿಳಿಯುವುದೇ? ಪಂಕ್ತಿಯಲ್ಲಿ ಕುಳಿತು ಉಂಡವರನ್ನು ಕೇಳಬೇಕು. ಉಂಡೆದ್ದವರ ಎಲೆಯನ್ನು ನೋಡಬೇಕು. ಇಷ್ಟು ಸಾಮಾನ್ಯವಾದ ಮಾತು ಒಂದು ದೊಡ್ಡ ಸರ್ಕಾರದ ತಿಳಿವಿಗೆ ಬರಲು ಹತ್ತಾರು ವರ್ಷಗಳೂ ಒಂದು ವ್ಯಾಜ್ಯವೂ ಬೇಕಾದವು. ಇದನ್ನು ಕೇಳಿ ನಗುವುದು ಸುಲಭ. ಆದರೆ ಅಧಿಕಾರಿಯ ಸ್ಥಿತಿಯನ್ನೂ ಯೋಚಿಸಬೇಕು. ಬಾಗಿಲಿನ ಅಗಲವನ್ನು ಅಳೆಯಬಹುದು. ದಾದಿಯ ಮಾತಿನ ಮೃದುತ್ವವನ್ನು ಅಳೆಯುವುದು ಹೇಗೆ? ಅಳತೆಗೆ ಸಿಕ್ಕಿದ್ದನ್ನು ಬರೆದುಕೊಂಡರೆ ನಾಳೆ ನ್ಯಾಯಾಲಯದಲ್ಲಿ ರುಜುವಾತು ಮಾಡಬಹುದು. ಹೀಗೆ ಅಳತೆಗೆ ಸುಲಭವಾದುದೇ ಮುಖ್ಯವಾದುದೆಂಬ ಭ್ರಮೆ ಮೆಲ್ಲಮೆಲ್ಲನೆ ಬೆಳೆಯುತ್ತದೆ. ತಪಾಸಣೆಯ ವ್ಯಾಧಿಯ ಮೂಲ ಇದೇ ಎಂದು ನನ್ನ ಅಭಿಪ್ರಾಯ.

ಈ ಹೊತ್ತಿಗೆ, 1975ರಲ್ಲಿ ಸ್ಥಾಪಿತವಾಗಿದ್ದ ಒಂದು ಪೌರ ಸಂಘಟನೆಯವರು ಒಂದು ಸರಳವಾದ ಕೆಲಸವನ್ನು ಮಾಡಿದರು. 15 ನಗರಗಳಲ್ಲಿ 400ಕ್ಕೂ ಹೆಚ್ಚು ಮಂದಿ ನಿವಾಸಿಗಳನ್ನು ಕುಳ್ಳಿರಿಸಿಕೊಂಡು, ಒಳ್ಳೆಯ ಆರೈಕೆಯೆಂದರೆ ತಮ್ಮ ದೃಷ್ಟಿಯಲ್ಲಿ ಏನೆಂದು ಕೇಳಿದರು. ನಿವಾಸಿಗಳು ಕಟ್ಟಡದ ಮಾತನ್ನು ಮೊದಲು ಎತ್ತಲಿಲ್ಲ. ತಮ್ಮನ್ನು ನೋಡಿಕೊಳ್ಳುವ ನೌಕರರು ಎಂಥವರು ಎಂಬುದೇ ಅವರಿಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಊಟದ ರುಚಿ, ದಿನದಲ್ಲಿ ಮಾಡಲು ಏನಾದರೊಂದು ಕೆಲಸ, ತಮ್ಮ ಇಚ್ಛೆಗೆ ಇಷ್ಟಿಷ್ಟಾದರೂ ಎಡೆ, ಇವುಗಳನ್ನು ಹೇಳಿದರು. 1986ರಲ್ಲಿ ಅಲ್ಲಿನ ವೈದ್ಯಕೀಯ ವಿದ್ವತ್ಸಂಸ್ಥೆಯ ಸಮಿತಿಯೊಂದು ವರದಿಯನ್ನು ಕೊಟ್ಟಿತು. ಅದನ್ನು ಆಧಾರವಾಗಿಟ್ಟುಕೊಂಡು 1987ರ ಡಿಸೆಂಬರಿನಲ್ಲಿ ಶುಶ್ರೂಷಾಗೃಹ ಸುಧಾರಣೆಯ ಶಾಸನವಾಯಿತು. ಅದರ ಮುಖ್ಯಾಂಶಗಳು 1990ರ ಅಕ್ಟೋಬರಿನಿಂದ ಆಚರಣೆಗೆ ಬಂದವು.

ಈ ಶಾಸನದ ಕೆಲವು ಅಂಶಗಳನ್ನು ಗಮನಿಸತಕ್ಕದ್ದು. ಪ್ರತಿಯೊಬ್ಬ ನಿವಾಸಿಯೂ ದೇಹದಲ್ಲಿಯೂ ಮನಸ್ಸಿನಲ್ಲಿಯೂ ತನಗೆ ಸಾಧ್ಯವಾದಷ್ಟು ಉನ್ನತ ಸ್ಥಿತಿಯನ್ನು ಪಡೆಯುವಂತೆ, ಪಡೆದುದನ್ನು ಉಳಿಸಿಕೊಳ್ಳುವಂತೆ ಗೃಹವು ನೋಡಿಕೊಳ್ಳಬೇಕು. ಒಳಬಂದ ಪ್ರತಿಯೊಬ್ಬರ ಶಕ್ತಿ ಅಶಕ್ತಿಗಳನ್ನೂ ದೇಶಕ್ಕೆಲ್ಲ ಒಂದೇ ಆದ ಕ್ರಮದಲ್ಲಿ ಪರೀಕ್ಷಿಸಿ ಬರೆದಿಡಬೇಕು. ಸ್ನಾನಮಾಡಿಸುವ, ಉಣಿಸುವ ಸಹಾಯಕರಿಗೆ ಕಡೆಯ ಪಕ್ಷ 75 ಗಂಟೆಗಳ ಶಿಕ್ಷಣವಾಗಿರಬೇಕು. ಹಗಲಿರುಳೂ ಒಬ್ಬ ಲೈಸೆನ್ಸುಳ್ಳ ನರ್ಸು ಇರಬೇಕು. ನೌಕರರ ಅನುಕೂಲಕ್ಕಾಗಲಿ ಶಿಕ್ಷೆಗಾಗಲಿ ಯಾರನ್ನೂ ಕಟ್ಟಿಹಾಕಕೂಡದು. ಔಷಧ ಕೊಟ್ಟು ಮಂಕಾಗಿಸಲೂ ಕೂಡದು. ತಪಾಸಣೆಯು ಮುನ್ಸೂಚನೆಯಿಲ್ಲದೆ ಆಗಬೇಕು; ಒಂದು ತಪಾಸಣೆಗೂ ಇನ್ನೊಂದಕ್ಕೂ 15 ತಿಂಗಳಿಗಿಂತ ಹೆಚ್ಚು ಅಂತರವಿರಕೂಡದು. ಬರುವ ದಿನವನ್ನು ಗೃಹದವರಿಗೆ ಮುಂದಾಗಿ ತಿಳಿಸಿದವನಿಗೆ 2,000 ಡಾಲರುಗಳವರೆಗೆ ಜುಲ್ಮಾನೆ. ಎಲ್ಲಕ್ಕಿಂತ ಹೆಚ್ಚಾಗಿ, ತಪಾಸಣೆಗೆ ಬಂದವರು ನಿವಾಸಿಗಳೊಡನೆ ಮಾತನಾಡಲೇಬೇಕು. ದಪ್ತರದ ಕೋಣೆಯಲ್ಲಿ ಕುಳಿತಿದ್ದ ಅಧಿಕಾರಿಯನ್ನು ಶಾಸನವು ಎಬ್ಬಿಸಿ ಮಂಚದ ಬಳಿಗೆ ಕಳುಹಿಸಿತು.

ದಂಡನೆಯ ವಿಷಯದಲ್ಲಿಯೂ ಒಂದು ವಿವೇಕವನ್ನು ತೋರಿದರು. ಅದಕ್ಕೆ ಮುಂಚೆ ಕೆಟ್ಟ ಗೃಹಕ್ಕೆ ಇದ್ದ ದೊಡ್ಡ ಶಿಕ್ಷೆಯೆಂದರೆ ಸರ್ಕಾರದ ಹಣವನ್ನು ನಿಲ್ಲಿಸುವುದು. ಅಂದರೆ ಬಹುಮಟ್ಟಿಗೆ ಬಾಗಿಲು ಮುಚ್ಚಿಸುವುದು. ಬಾಗಿಲು ಮುಚ್ಚಿದರೆ ಬೀದಿಗೆ ಬೀಳುವವರು ಯಾರು? ತಪ್ಪು ಮಾಡಿದವರಲ್ಲ, ತಪ್ಪಿಗೆ ಈಡಾದವರು. ಇದನ್ನು ಅರಿತ ಅಧಿಕಾರಿಗಳು ಶಿಕ್ಷೆ ವಿಧಿಸಲು ಹಿಂಜರಿಯುತ್ತಿದ್ದರು; ಹಿಂಜರಿಯುತ್ತಾರೆಂಬುದನ್ನು ಅರಿತ ಮಾಲೀಕರು ನಿಶ್ಚಿಂತರಾಗಿರುತ್ತಿದ್ದರು. ಹೊಸ ಶಾಸನವು ನಡುವೆ ಹಲವು ಮೆಟ್ಟಿಲುಗಳನ್ನು ಇಟ್ಟಿತು: ಜುಲ್ಮಾನೆ, ಹೊಸದಾಗಿ ಸೇರುವವರ ಬಾಬ್ತು ಹಣವನ್ನು ತಡೆಯುವುದು, ಕೆಲವು ಕಾಲ ಸರ್ಕಾರದ ಕಡೆಯ ಮೇನೇಜರನನ್ನು ನೇಮಿಸುವುದು ಇತ್ಯಾದಿ. ಸಣ್ಣ ತಪ್ಪಿಗೆ ಸಣ್ಣ ಶಿಕ್ಷೆ ಇದ್ದರೆ ಮಾತ್ರ ಶಿಕ್ಷೆ ನಡೆಯುವುದು ನಿಜವೆಂಬ ನಂಬಿಕೆ ಹುಟ್ಟುತ್ತದೆ.

ಇದರ ಫಲವೇನಾಯಿತು? ಒಂದು ವಿಷಯದಲ್ಲಿ ಜಯವು ನಿಸ್ಸಂದೇಹವಾದುದು. 1980ರ ದಶಕದ ಕೊನೆಗೆ ಅಲ್ಲಿನ ನಿವಾಸಿಗಳಲ್ಲಿ ನೂರಕ್ಕೆ ಸುಮಾರು 40 ಮಂದಿಯನ್ನು ಒಂದಲ್ಲ ಒಂದು ವಿಧದಲ್ಲಿ ಕುರ್ಚಿಗೋ ಮಂಚಕ್ಕೋ ಕಟ್ಟಿಡುವ ವಾಡಿಕೆಯಿದ್ದಿತು. ಬೀಳದಿರಲೆಂದು ಕಟ್ಟುತ್ತೇವೆ ಎಂದು ಹೇಳುತ್ತಿದ್ದರು. ಕಟ್ಟನ್ನು ಬಿಚ್ಚಿದರೆ ಮಹಾ ಅನಾಹುತವಾಗುವುದೆಂದು ಹೆದರಿದವರೂ ಇದ್ದರು. ಇಂದು ಆ ಸಂಖ್ಯೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಒಂದು ಶಾಸನ, ಅದರ ಹಿಂದೆ ನಿಂತ ತಪಾಸಣೆ, ಎರಡೂ ಸೇರಿ ಲಕ್ಷಾಂತರ ವೃದ್ಧರ ಕೈಕಟ್ಟನ್ನು ಬಿಚ್ಚಿದವು. ಸರ್ಕಾರದಿಂದ ಏನೂ ಆಗದು ಎಂದು ಕೈಚೆಲ್ಲುವವರು ಇದನ್ನು ನೆನೆಯಬೇಕು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಹಗ್ಗ ಹೋದ ಕಡೆಗೆ ಗುಳಿಗೆ ಬಂದಿತು. ಚಿತ್ತವಿಕಾರಕ್ಕೆ ಕೊಡುವ ಬಲವಾದ ಔಷಧಗಳನ್ನು ಮರೆವಿನ ರೋಗದ ವೃದ್ಧರಿಗೆ ಕೊಟ್ಟರೆ ಮರಣದ ಅಪಾಯ ಹೆಚ್ಚುವುದೆಂದು ಅಲ್ಲಿನ ಔಷಧ ನಿಯಂತ್ರಣದವರು 2005ರಲ್ಲಿಯೇ ಎಚ್ಚರಿಸಿದ್ದರು. ಆದರೂ ಗಲಾಟೆ ಮಾಡುವವರನ್ನು ಸುಮ್ಮನಿರಿಸಲು ಆ ಔಷಧಗಳ ಬಳಕೆ ನಡೆದೇ ಇದ್ದಿತು. 2012ರಿಂದ ಇದನ್ನು ತಗ್ಗಿಸಲು ಸರ್ಕಾರವು ಹೊರಟು, ಪ್ರತಿ ಗೃಹದಲ್ಲಿಯೂ ಎಷ್ಟು ಮಂದಿಗೆ ಇಂಥ ಔಷಧ ನಡೆಯುತ್ತಿದೆಯೆಂಬ ಲೆಕ್ಕವನ್ನು ಬಹಿರಂಗಪಡಿಸಿತು. ಸ್ಕಿಜೋಫ್ರೇನಿಯಾ ಎಂಬ ಚಿತ್ತರೋಗವುಳ್ಳವರಿಗೆ ಆ ಔಷಧವು ಅಗತ್ಯವಾದುದರಿಂದ ಅವರನ್ನು ಲೆಕ್ಕದಿಂದ ಬಿಟ್ಟಿತು. ಸ್ವಲ್ಪ ಕಾಲದಲ್ಲಿಯೇ ಶುಶ್ರೂಷಾಗೃಹಗಳ ದಪ್ತರದಲ್ಲಿ ಆ ರೋಗದ ಹೆಸರು ವಿಚಿತ್ರವಾಗಿ ಹೆಚ್ಚುತ್ತ ಬಂದಿತು. ಸಾಮಾನ್ಯವಾಗಿ ಯೌವನದಲ್ಲಿ ತಲೆದೋರುವ ರೋಗವು ಎಂಬತ್ತರ ವೃದ್ಧರಿಗೆ ಹೊಸದಾಗಿ ಅಂಟಿಕೊಂಡಿತೇ? ರೋಗ ಹೆಚ್ಚಿದ್ದು ಮನುಷ್ಯರಲ್ಲಿ ಅಲ್ಲ, ಕಾಗದದಲ್ಲಿ. ಕೊನೆಗೆ 2023ರಲ್ಲಿ ಸರ್ಕಾರವು ಆ ಬರಹಗಳನ್ನೇ ಪರಿಶೋಧಿಸುವುದಾಗಿ ಪ್ರಕಟಿಸಬೇಕಾಯಿತು.

ನಕ್ಷತ್ರಗಳ ಕಥೆಯೂ ಹೀಗೆಯೇ. 2008ರಿಂದ ಪ್ರತಿಯೊಂದು ಗೃಹಕ್ಕೂ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಟ್ಟು ಜನಕ್ಕೆ ತಿಳಿಸುವ ಪದ್ಧತಿ ಬಂದಿತು. ತಪಾಸಣೆಯ ಫಲ, ನೌಕರರ ಸಂಖ್ಯೆ, ಆರೈಕೆಯ ಗುಣದ ಅಂಕಿಗಳು, ಈ ಮೂರರ ಮೇಲೆ ನಕ್ಷತ್ರ ನಿಂತಿತು. ಇವುಗಳಲ್ಲಿ ತಪಾಸಣೆಯನ್ನುಳಿದು ಮಿಕ್ಕೆರಡನ್ನೂ ಗೃಹದವರು ತಾವೇ ಬರೆದುಕೊಡುತ್ತಿದ್ದರು. ತನ್ನ ಉತ್ತರಪತ್ರಿಕೆಗೆ ತಾನೇ ಗುಣ ಹಾಕಿಕೊಳ್ಳುವ ವಿದ್ಯಾರ್ಥಿ ನಪಾಸಾಗುವುದು ಅಪರೂಪ. 2016ರಿಂದ ಸಂಬಳದ ಪಟ್ಟಿಯನ್ನೇ ಸರ್ಕಾರಕ್ಕೆ ಒಪ್ಪಿಸತಕ್ಕದ್ದೆಂದು ಗೊತ್ತಾದ ಮೇಲೆ, ಅನೇಕ ಕಡೆ ನೌಕರರು ಹಿಂದೆ ಹೇಳಿದ್ದಕ್ಕಿಂತ ಕಡಿಮೆಯಿದ್ದರೆಂಬುದೂ, ಶನಿವಾರ ಭಾನುವಾರಗಳಲ್ಲಿ ಇನ್ನೂ ಕಡಿಮೆಯೆಂಬುದೂ ಬೆಳಕಿಗೆ ಬಂದಿತು.

ಜರ್ಮನಿಯವರು ಇದೇ ಪಾಠವನ್ನು ಬೇರೆ ರೀತಿಯಲ್ಲಿ ಕಲಿತರು. ಅಲ್ಲಿ 1995ರಿಂದ ಶುಶ್ರೂಷೆಗೆಂದೇ ಕಡ್ಡಾಯವಾದ ವಿಮೆ ಉಂಟು. 2009ರಿಂದ ಶಾಲೆಯ ಮಕ್ಕಳಿಗೆ ಕೊಡುವಂತೆ ಶುಶ್ರೂಷಾಗೃಹಗಳಿಗೂ ದರ್ಜೆ ಕೊಡತೊಡಗಿದರು; ಅಲ್ಲಿ 1 ಎಂದರೆ ಅತ್ಯುತ್ತಮ. ದೇಶದ ಸರಾಸರಿ ದರ್ಜೆ ಸುಮಾರು 1.2 ಆಯಿತು. ಎಲ್ಲರೂ ಮೊದಲನೆಯ ದರ್ಜೆ! ಹಲವು ಅಂಶಗಳನ್ನು ಒಟ್ಟು ಕೂಡಿಸಿ ಸರಾಸರಿ ತೆಗೆಯುತ್ತಿದ್ದುದರಿಂದ, ಹಾಸಿಗೆಹುಣ್ಣಿನ ಆರೈಕೆಯಲ್ಲಿ ಹೋದ ಗುಣವನ್ನು ಊಟದ ಪಟ್ಟಿಯನ್ನು ದಪ್ಪಕ್ಷರದಲ್ಲಿ ಬರೆದು ಸಂಪಾದಿಸಬಹುದೆಂದು ಜನರು ಆಡಿಕೊಂಡರು. 2019ರಲ್ಲಿ ಆ ದರ್ಜೆಗಳನ್ನು ಕೈಬಿಟ್ಟು, ಒಂದೊಂದು ವಿಷಯವನ್ನೂ ಬೇರೆಬೇರೆಯಾಗಿ ತೋರಿಸುವ ಹೊಸ ಕ್ರಮವನ್ನು ತಂದರು. ಎಲ್ಲವನ್ನೂ ಒಂದೇ ಅಂಕಿಗೆ ಇಳಿಸಿದರೆ, ಆ ಅಂಕಿಯ ಹಿಂದೆ ಒಬ್ಬ ಮನುಷ್ಯನ ನೋವು ಮರೆಯಾಗಿಹೋಗುತ್ತದೆ.

ಹಾಗಾದರೆ ಅಳತೆ ಬೇಡವೇ? ಬೇಕು. ಅಳತೆಯಿಲ್ಲದಿದ್ದರೆ ಕಟ್ಟಿಹಾಕಿದವರ ಲೆಕ್ಕವೂ ಸಿಕ್ಕುತ್ತಿರಲಿಲ್ಲ, ಬಿಚ್ಚುವ ಕೆಲಸವೂ ಆಗುತ್ತಿರಲಿಲ್ಲ. ಆದರೆ ಅಳತೆಯೊಂದೇ ಇದ್ದರೆ ಅದು ಪುಸ್ತಕದ ಬದನೆಕಾಯಿ. ಅದರ ಜೊತೆಗೆ ಹೊರಗಿನ ಕಣ್ಣುಗಳು ಒಳಗೆ ಓಡಾಡುತ್ತಿರಬೇಕು. ಅಮೆರಿಕಾದಲ್ಲಿ 1972ರಲ್ಲಿ ಪ್ರಯೋಗವಾಗಿ ಆರಂಭವಾಗಿ, 1978ರಿಂದ ಪ್ರತಿಯೊಂದು ರಾಜ್ಯಕ್ಕೂ ಕಡ್ಡಾಯವಾದ ಆಂಬುಡ್ಸ್‌ಮನ್ ಎಂಬ ಏರ್ಪಾಡು ಇದೆ. ಈತನು ಇನ್‌ಸ್ಪೆಕ್ಟರನಲ್ಲ, ದಂಡ ಹಾಕುವ ಅಧಿಕಾರ ಇವನಿಗಿಲ್ಲ. ನಿವಾಸಿಗಳ ಬಳಿ ಕುಳಿತು, ಅವರ ಅಹವಾಲನ್ನು ಕೇಳಿ, ಅವರ ಪರವಾಗಿ ಮಾತನಾಡುವುದೇ ಇವನ ಕೆಲಸ. ಈ ಕಾರ್ಯದಲ್ಲಿ ವೇತನವಿಲ್ಲದ ಸ್ವಯಂಸೇವಕರೂ ದುಡಿಯುತ್ತಾರೆ. ನೋಡಲು ಬರುವ ಮಗಳೂ ನೆರೆಯವರೂ ಇಂಥದೇ ಕಣ್ಣುಗಳು. ಈ ಕಣ್ಣುಗಳು ಮುಚ್ಚಿದ ಕಾಲವೊಂದನ್ನು ನಾವೆಲ್ಲರೂ ಕಂಡಿದ್ದೇವೆ. 2020ರ ಮಾರ್ಚಿಯಲ್ಲಿ ಕೋವಿಡ್ ರೋಗದ ಭಯದಿಂದ ಆ ದೇಶದ ಶುಶ್ರೂಷಾಗೃಹಗಳಿಗೆ ಹೊರಗಿನವರ ಪ್ರವೇಶವನ್ನು ತಡೆದರು. ಸಾಧಾರಣ ತಪಾಸಣೆಯೂ ನಿಂತಿತು. ರೋಗವು ಮಾತ್ರ ಒಳಹೊಕ್ಕಿತು. 2022ರ ಆರಂಭದ ಹೊತ್ತಿಗೆ 2,00,000ಕ್ಕೂ ಹೆಚ್ಚು ಮಂದಿ ನಿವಾಸಿಗಳೂ ನೌಕರರೂ ತೀರಿಕೊಂಡರು. ಕಿಟಕಿಯ ಗಾಜಿನ ಆಚೆಯಿಂದ ತಾಯಿಯ ಮುಖ ನೋಡಿದ ಮಕ್ಕಳಿಗೆ, ಒಳಗೆ ಆಕೆಗೆ ಹೊತ್ತಿಗೆ ಸರಿಯಾಗಿ ನೀರು ಸಿಕ್ಕುತ್ತಿದೆಯೇ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಈ ವಿಷಯವು ಪೂರ್ಣವಾಗದು. ಎಷ್ಟು ತಪಾಸಣೆ ಮಾಡಿದರೂ, ಆರೈಕೆಯನ್ನು ಮಾಡುವುದು ಎರಡು ಕೈಗಳು. ಆ ಕೈಗಳು ಎಷ್ಟಿರಬೇಕು? 2024ರಲ್ಲಿ ಅಮೆರಿಕಾ ಸರ್ಕಾರವು ಒಬ್ಬ ನಿವಾಸಿಗೆ ದಿನಕ್ಕೆ 3.48 ಗಂಟೆಗಳ ಶುಶ್ರೂಷೆಯಾದರೂ ಸಲ್ಲತಕ್ಕದ್ದೆಂದು ನಿಯಮ ಮಾಡಿತು. ಅಷ್ಟು ನೌಕರರು ದೊರೆಯುವುದಿಲ್ಲ, ಅಷ್ಟು ಹಣವೂ ಇಲ್ಲವೆಂದು ಗೃಹಗಳವರು ವಾದಿಸಿದರು. 2025ರಲ್ಲಿ ಟೆಕ್ಸಾಸಿನ ನ್ಯಾಯಾಲಯವೊಂದು ಅದನ್ನು ರದ್ದುಪಡಿಸಿತು. ಅದೇ ವರ್ಷದ ಶಾಸನವೊಂದು 2034ರವರೆಗೆ ಅದನ್ನು ಜಾರಿಗೆ ತರದಂತೆ ತಡೆಯಿತು. ಗುಣವು ಬೇಕೆಂದು ಎಲ್ಲರೂ ಹೇಳುವರು. ಅದರ ಬೆಲೆಯನ್ನು ಕೇಳಿದಾಗ ಸಭೆಯು ಮೌನವಾಗುತ್ತದೆ.

ಈಗ ನಮ್ಮ ದೇಶದ ಕಡೆಗೆ ತಿರುಗೋಣ. 2011ರ ಜನಗಣತಿಯಲ್ಲಿಯೇ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು. 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪಾಲನೆಯ ಶಾಸನವಾಯಿತು. ಅದರ 19ನೆಯ ಪ್ರಕರಣದ ಮೇರೆಗೆ ರಾಜ್ಯ ಸರ್ಕಾರಗಳು ಜಿಲ್ಲೆಗೆ ಒಂದರಂತೆಯಾದರೂ, 150 ಮಂದಿ ನಿರ್ಗತಿಕ ವೃದ್ಧರಿಗೆ ಸಾಲುವಂಥ ಆಶ್ರಮಗಳನ್ನು ಸ್ಥಾಪಿಸಬಹುದು. ಅವುಗಳ ಆಡಳಿತಕ್ಕೂ ಸೇವೆಯ ಮಟ್ಟಕ್ಕೂ ನಿಯಮಗಳನ್ನು ಗೊತ್ತುಮಾಡಬಹುದು. ಮಾಡಬಹುದು ಎಂಬ ಮಾತು ಎಷ್ಟು ಮೃದುವಾದುದೆಂಬುದನ್ನು ತಾವೇ ಗಮನಿಸಿರಿ.

ನೋಡುವ ಕಣ್ಣಿಲ್ಲದಿದ್ದರೆ ಏನಾಗುವುದೆಂಬುದನ್ನು ನಮ್ಮ ನೆರೆಯಲ್ಲಿಯೇ ಕಂಡಿದ್ದೇವೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಖಾಸಗಿ ಆಶ್ರಮವೊಂದಕ್ಕೆ ಬೆಂಕಿ ಬಿದ್ದಿತು. ಸರಪಣಿಗಳಲ್ಲಿ ಬಂಧಿತರಾಗಿದ್ದ ಮಾನಸಿಕ ರೋಗಿಗಳು ಓಡಲಾರದೆ ಹೋದರು. 28 ಮಂದಿ ಮಡಿದರು. ಅಂಥ ಸ್ಥಳಗಳಿಗೆ ಲೈಸೆನ್ಸು ಇರಬೇಕೆಂಬ ಶಾಸನವು 1987ರಲ್ಲಿಯೇ ಆಗಿದ್ದಿತು. ಅಮೆರಿಕಾದವರು ಕಟ್ಟನ್ನು ಬಿಚ್ಚುವ ಶಾಸನ ಮಾಡಿದ ವರ್ಷವೂ ಅದೇ ಎಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ. ಅಲ್ಲಿ ಶಾಸನದ ಬೆನ್ನಿಗೆ ತಪಾಸಣೆ ಹೋಯಿತು, ಇಲ್ಲಿ ಹೋಗಲಿಲ್ಲ. ಏರ್ವಾಡಿಯ ಬೆಂಕಿಯ ಬಳಿಕ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. ಈಗ 2017ರ ಮಾನಸಿಕ ಆರೋಗ್ಯದ ಶಾಸನವು ಸರಪಣಿಯನ್ನು ಸಂಪೂರ್ಣವಾಗಿ ನಿಷೇಧಿಸಿದೆ. ಮೂರು ವರ್ಷಕ್ಕೊಮ್ಮೆ ಪರಿಶೋಧನೆಯಾಗಬೇಕೆಂದಿದೆ. ಮತ್ತು ಅಹವಾಲನ್ನು ಕೇಳುವ ಮಂಡಲಿಯಲ್ಲಿ ರೋಗವನ್ನು ತಾವು ಅನುಭವಿಸಿದವರಿಗೆ, ರೋಗಿಗಳನ್ನು ಸಾಕಿದವರಿಗೆ ಅಥವಾ ಅವರ ಪರವಾದ ಸಂಸ್ಥೆಯವರಿಗೆ ಎರಡು ಸ್ಥಾನಗಳನ್ನು ಮೀಸಲಿಟ್ಟಿದೆ. ಉಂಡವರನ್ನೇ ಕೇಳಬೇಕೆಂಬ ತತ್ತ್ವವು ನಮ್ಮ ಶಾಸನದಲ್ಲಿಯೂ ಹೀಗೆ ಕಾಲಿಟ್ಟಿದೆ.

ನಮ್ಮ ನಗರಗಳಲ್ಲಿ ಇಂದು ವೃದ್ಧಾಶ್ರಮಗಳೂ, ಮನೆಗೆ ದಾದಿಯರನ್ನು ಕಳುಹಿಸುವ ಸಂಸ್ಥೆಗಳೂ ಹೆಚ್ಚುತ್ತಿವೆ. ಮಕ್ಕಳು ದೂರದೇಶಗಳಲ್ಲಿರುವ ಮನೆಗಳಲ್ಲಿ ಇದು ಅನಿವಾರ್ಯವೂ ಆಗಿದೆ. ಇದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಆದರೆ ಅಮೆರಿಕಾದಲ್ಲಿ ಆದಂತೆ ಇಲ್ಲಿಯೂ ಹಣವು ಮುಂದೆ, ಕಟ್ಟಳೆಯು ಹಿಂದೆ ನಡೆಯುತ್ತಿದೆ. ಅವರು ಐವತ್ತು ವರ್ಷ ಸುತ್ತಿ ಬಂದ ದಾರಿಯನ್ನು ನಾವೂ ಸುತ್ತಬೇಕಾಗಿಲ್ಲ. ಸರ್ಕಾರದವರು ನಿಯಮವನ್ನು ಮಾಡುವಾಗ, ಕೊಠಡಿಯ ಉದ್ದಗಲಗಳ ಜೊತೆಗೆ, ನಿವಾಸಿಯನ್ನು ಏಕಾಂತದಲ್ಲಿ ಕಂಡು ಮಾತನಾಡುವ ಕರ್ತವ್ಯವನ್ನೂ ಮೊದಲ ದಿನದಿಂದಲೇ ಬರೆಯಲಿ. ತಪಾಸಣೆಯು ಹೇಳದೆ ಬರಲಿ. ಅದರ ವರದಿ ಎಲ್ಲರಿಗೂ ಓದಲು ದೊರೆಯಲಿ. ಮಾತನಾಡಲಾರದವರ ಪರವಾಗಿ ಮಾತನಾಡಲು ಒಬ್ಬರು ಗೊತ್ತಾಗಿರಲಿ.

ತಮ್ಮಂಥ ವಿದ್ಯಾವಂತರಾದ ಶ್ರೋತೃಗಳು ಮಾಡಬಹುದಾದ ಕೆಲಸವೂ ಒಂದುಂಟು. ತಮ್ಮ ಬಡಾವಣೆಯಲ್ಲಿ ಇಂಥ ಆಶ್ರಮವಿದ್ದರೆ ಹಬ್ಬದ ದಿನ ಹಣ್ಣು ಹಂಚಿ ಬರುವುದಕ್ಕಷ್ಟೇ ನಿಲ್ಲಬೇಡಿರಿ. ಹಬ್ಬವಲ್ಲದ ದಿನ, ಕರೆಯದ ಹೊತ್ತಿನಲ್ಲಿ ಹೋಗಿರಿ. ಕಟ್ಟಡವನ್ನು ಆಮೇಲೆ ನೋಡಬಹುದು. ಮೊದಲು ಮೂಲೆಯ ಮಂಚದಲ್ಲಿ ಮಲಗಿರುವವರ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು ಅವರ ಮಾತನ್ನು ಕೇಳಿರಿ. ಮಾತು ಬಾರದಿದ್ದರೆ ಅವರ ಉಗುರು, ತುಟಿ, ಹಾಸಿಗೆ ಇವುಗಳನ್ನು ನೋಡಿರಿ. ಯಾವ ನಮೂನೆಯ 541 ಪ್ರಶ್ನೆಗಳೂ ಹೇಳದುದನ್ನು ಅವು ಹೇಳುತ್ತವೆ. ಕಂಡ ಕೊರತೆಯನ್ನು ಸಂಬಂಧಪಟ್ಟವರಿಗೆ ಬರೆದು ತಿಳಿಸಿರಿ. ಉತ್ತರ ಬಾರದಿದ್ದರೆ ಮತ್ತೆ ಬರೆಯಿರಿ.